ಜೇಬಿಗಿಳಿದ ಕ್ಯಾಮೆರಾ: ನಡೆದು ಬಂದ ದಾರಿ



ಇವತ್ತು ನಾನು ಮಾತಿಗೆ ಆರಿಸಿಕೊಂಡಿರುವ ವಸ್ತು ಈಗ ನಿಮ್ಮಲ್ಲಿ ಹಲವರ ಕೈಯಲ್ಲೋ ಜೇಬಿನಲ್ಲೋ ಇದೆ. ಬಹುಶಃ ಅದರಲ್ಲೇ ನನ್ನ ಮಾತನ್ನೂ ಕೇಳುತ್ತಿದ್ದೀರಿ. ಮೊಬೈಲ್ ಫೋನು, ಅದರಲ್ಲೂ ಅದರೊಳಗಿನ ಕ್ಯಾಮೆರಾ. ಪ್ರವಾಸ ಹೋದರೆ ನೂರಾರು ಫೋಟೋ, ಹಬ್ಬಕ್ಕೆ ಹೋಳಿಗೆ ಮಾಡಿದರೆ ಫೋಟೋ, ಮಗು ಮೊದಲ ಹೆಜ್ಜೆ ಇಟ್ಟರೆ ಫೋಟೋ, ಅಂಗಡಿಯಲ್ಲಿ ಯಾವ ಬೇಳೆ ತರಬೇಕು ಅಂತ ಕೇಳುವುದಕ್ಕೂ ಒಂದು ಫೋಟೋ. ಇಷ್ಟು ಸಲೀಸಾಗಿರುವ ಈ ಕೆಲಸ ನಮ್ಮ ಕೈಗೆ ಹೇಗೆ ಬಂತು, ಬರುವ ದಾರಿಯಲ್ಲಿ ಏನನ್ನು ಕೊಟ್ಟಿತು, ಏನನ್ನು ಬಿಟ್ಟು ಬಂತು ಎಂಬುದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಬಂದಿದ್ದೇನೆ.

ಮೊದಲು ಒಂದೆರಡು ಶಬ್ದಗಳ ವಿಚಾರ. ಕನ್ನಡ ಓದಿದವಳಿಗೆ ಶಬ್ದ ಬಿಟ್ಟು ಮುಂದೆ ಹೋಗುವುದು ಕಷ್ಟ! ನಾವು ಫೋಟೋಗೆ ಛಾಯಾಚಿತ್ರ ಎನ್ನುತ್ತೇವೆ. ಛಾಯೆ ಎಂದರೆ ನೆರಳು. ಫೋಟೋಗ್ರಫಿ ಎಂಬ ಮಾತು ಗ್ರೀಕ್ ಮೂಲದ್ದು, ಅದರ ಅರ್ಥ ಬೆಳಕಿನ ಬರವಣಿಗೆ. ಅವರು ಬೆಳಕನ್ನು ಕಂಡರು, ನಾವು ನೆರಳನ್ನು ಕಂಡೆವು. ಆಡುಮಾತಿನಲ್ಲಿ ಫೋಟೋ ತೆಗೆಯುತ್ತೇವೆ, ಹಿಡಿಯುತ್ತೇವೆ, ಹೊಡೆಯುತ್ತೇವೆ, ಪತ್ರಿಕೆಯವರು ಕ್ಲಿಕ್ಕಿಸುತ್ತಾರೆ. ಇಷ್ಟೊಂದು ಕ್ರಿಯಾಪದಗಳ ನಡುವೆ 'ಬರವಣಿಗೆ' ಎಂಬ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ಕಥೆಯಲ್ಲಿ ಅದು ಮತ್ತೆ ಮತ್ತೆ ಬರುತ್ತದೆ.

ಕ್ಯಾಮೆರಾದಿಂದ ತೆಗೆದು ಇವತ್ತಿಗೂ ಉಳಿದಿರುವ ಅತ್ಯಂತ ಹಳೆಯ ಚಿತ್ರ ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ ಎಂಬಾತನದು. 1826 ಅಥವಾ 1827ರಲ್ಲಿ ತನ್ನ ಮನೆಯ ಕಿಟಕಿಯಿಂದ ಕಾಣುವ ಗೋಡೆ, ಚಾವಣಿಗಳನ್ನು ಆತ ಒಂದು ಲೋಹದ ತಗಡಿನ ಮೇಲೆ ಮೂಡಿಸಿದ. ಆ ಒಂದು ಚಿತ್ರಕ್ಕೆ ಗಂಟೆಗಟ್ಟಲೆ ಬಿಸಿಲು ಬೇಕಾಯಿತು. ಆತನ ಜೊತೆಗಾರ ಲೂಯಿ ಡಾಗೆರ್ ಆ ಕೆಲಸವನ್ನು ಮುಂದುವರಿಸಿ, ಕಾಯುವ ಹೊತ್ತನ್ನು ಕೆಲವು ನಿಮಿಷಗಳಿಗೆ ಇಳಿಸಿದ. 1838ರಲ್ಲಿ ಡಾಗೆರ್ ಪ್ಯಾರಿಸ್ಸಿನ ಒಂದು ಬೀದಿಯ ಚಿತ್ರ ತೆಗೆದ. ಅದು ಜನ, ಕುದುರೆ ಗಾಡಿಗಳಿಂದ ಗಿಜಿಗುಡುವ ಬೀದಿ. ಆದರೆ ಚಿತ್ರದಲ್ಲಿ ಬೀದಿ ಖಾಲಿ! ಓಡಾಡುತ್ತಿದ್ದ ಯಾರೂ ಮೂಡಲೇ ಇಲ್ಲ. ಮೂಲೆಯಲ್ಲಿ ಒಬ್ಬ ಮನುಷ್ಯ ಮಾತ್ರ ಕಾಣುತ್ತಾನೆ, ಏಕೆಂದರೆ ಅವನು ಬೂಟಿಗೆ ಪಾಲಿಶ್ ಹಾಕಿಸಿಕೊಳ್ಳುತ್ತಾ ಒಂದು ಕಾಲೆತ್ತಿ ನಿಂತಿದ್ದ. ಅವನ ಮುಂದೆ ಪಾಲಿಶ್ ಹಾಕುವವನ ಆಕಾರವೂ ಮಸುಕಾಗಿ ಇದೆ. ಫೋಟೋದಲ್ಲಿ ಕಂಡ ಮೊದಲ ಮನುಷ್ಯರೆಂದು ಇವರಿಬ್ಬರನ್ನು ಹೇಳುತ್ತಾರೆ. ಇಬ್ಬರ ಹೆಸರೂ ಲೋಕಕ್ಕೆ ಗೊತ್ತಿಲ್ಲ.

ಡಾಗೆರನ ವಿಧಾನವನ್ನು ಫ್ರೆಂಚ್ ಸರ್ಕಾರ 1839ರ ಆಗಸ್ಟ್ 19ರಂದು ಬಹಿರಂಗಪಡಿಸಿತು. ಅದಕ್ಕೇ ಆಗಸ್ಟ್ 19 ವಿಶ್ವ ಛಾಯಾಗ್ರಹಣ ದಿನ. ಸುದ್ದಿ ಹಡಗಿನಲ್ಲಿ ಅಮೆರಿಕ ಮುಟ್ಟಿದ ಕೆಲವೇ ವಾರಗಳಲ್ಲಿ ಫಿಲಡೆಲ್ಫಿಯಾದಲ್ಲಿ ದೀಪದ ವ್ಯಾಪಾರ ಮಾಡುತ್ತಿದ್ದ ರಾಬರ್ಟ್ ಕಾರ್ನೀಲಿಯಸ್ ಎಂಬ ಯುವಕ ತನ್ನ ಚಿತ್ರವನ್ನು ತಾನೇ ತೆಗೆದುಕೊಂಡ. ಕೆದರಿದ ಕೂದಲು, ಎದೆಯ ಮೇಲೆ ಕೈ ಕಟ್ಟಿಕೊಂಡ ಭಂಗಿ. ಇವತ್ತು ಅದನ್ನು ಮೊದಲ ಸೆಲ್ಫಿ ಎಂದು ತಮಾಷೆಯಾಗಿ ಕರೆಯುತ್ತಾರೆ. ಅವನು ಇನ್ನೊಂದು ಕೆಲಸ ಮಾಡಿದ. ಚಿತ್ರದ ಹಿಂಬದಿಯಲ್ಲಿ, ಇದು ಬೆಳಕಿನಿಂದ ತೆಗೆದ ಮೊದಲ ಚಿತ್ರ ಎಂದು ಬರೆದು 1839 ಎಂದು ಇಸವಿ ಹಾಕಿದ. ಪ್ಯಾರಿಸ್ಸಿನ ಬೂಟಿನ ಮನುಷ್ಯ ಅನಾಮಿಕನಾದ, ಕಾರ್ನೀಲಿಯಸ್ ಉಳಿದ. ಆ ಚಿತ್ರ ಈಗ ನಾವಿರುವ ಈ ದೇಶದ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿದೆ.

ಇನ್ನು ನಮ್ಮ ನಾಡಿಗೆ ಬರೋಣ. ಫೋಟೋ ತೆಗೆಯುವ ವಿದ್ಯೆ ಹುಟ್ಟಿ ಹದಿನೈದೇ ವರ್ಷದಲ್ಲಿ, 1854ರ ಡಿಸೆಂಬರಿನಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದ ಅಧಿಕಾರಿ ಲಿನೇಯಸ್ ಟ್ರೈಪ್ ಬೇಲೂರು, ಹಳೇಬೀಡುಗಳಿಗೆ ಹೋಗಿ ಫೋಟೋ ತೆಗೆದ. ಎರಡು ವರ್ಷದ ನಂತರ, 1856ರಲ್ಲಿ, ಅದೇ ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಫೋಟೋ ತೆಗೆದ. ಆಗಿನ ಪ್ರವಾಸದ ಫೋಟೋ ಎಂದರೆ ಏನು ಅಂದುಕೊಂಡಿರಿ? ಪೆಟ್ಟಿಗೆಯಂಥ ದೊಡ್ಡ ಕ್ಯಾಮೆರಾ, ಮೂರು ಕಾಲಿನ ಸ್ಟ್ಯಾಂಡು, ಔಷಧಿ ಬಾಟಲಿಗಳು, ಮೇಣ ಸವರಿದ ಕಾಗದ, ತೊಳೆಯಲು ನೀರು, ಕತ್ತಲೆ ಮಾಡಿಕೊಳ್ಳಲು ಒಂದು ಡೇರೆ. ಇವನ್ನೆಲ್ಲ ಹೊತ್ತುಕೊಂಡು ಬಿಸಿಲಲ್ಲಿ ಬಂಡೆಗಳ ನಡುವೆ ಅಲೆಯಬೇಕಿತ್ತು. ಕಾಗದವೇ ನೆಗೆಟಿವ್ ಆಗುತ್ತಿತ್ತು.

ಗ್ರೀನ್‌ಲಾ ತೆಗೆದ ಹಂಪಿಯ ನೆಗೆಟಿವ್‌ಗಳು ಎಲ್ಲೋ ಕಣ್ಮರೆಯಾಗಿದ್ದವು. 1980ರಲ್ಲಿ ಇಂಗ್ಲೆಂಡಿನಲ್ಲಿ ಅವುಗಳಲ್ಲಿ ಸುಮಾರು ಅರವತ್ತು ಸಿಕ್ಕವು. ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪಿಗೆ ಹೋಗಿ, ಗ್ರೀನ್‌ಲಾ ನಿಂತ ಜಾಗಗಳನ್ನೇ ಹುಡುಕಿ, ಅದೇ ಕೋನದಿಂದ ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ಹಂಪಿಯಲ್ಲಿ ಆದ ಬದಲಾವಣೆಗಳೆಲ್ಲ ಎದ್ದು ಕಂಡವು. ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ ನಿಮಗೆ ಗೊತ್ತಲ್ಲ? 2017ರಲ್ಲಿ ಬಂದ ಹೊಸ ಐವತ್ತು ರೂಪಾಯಿ ನೋಟಿನ ಮೇಲೂ ಅದೇ ಇದೆ. ಹಂಪಿಗೆ ಹೋದ ಯಾರೂ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ಬರುವುದಿಲ್ಲ. ಗ್ರೀನ್‌ಲಾನ 1856ರ ಚಿತ್ರದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ! ಇವತ್ತು ಆ ಶಿಖರ ಇಲ್ಲ. ನೋಟಿನ ಮೇಲೂ ಇಲ್ಲ, ನಮ್ಮ ಫೋಟೋಗಳಲ್ಲೂ ಇಲ್ಲ. ಒಬ್ಬ ಮನುಷ್ಯ ಮೈಮುರಿದು ಪ್ರವಾಸದ ಫೋಟೋ ತೆಗೆದದ್ದರಿಂದ, ಅದನ್ನು ಯಾರೋ ಜೋಪಾನ ಮಾಡಿದ್ದರಿಂದ, ಯಾರು ಯಾವಾಗ ಎಲ್ಲಿ ತೆಗೆದದ್ದು ಎಂದು ತಿಳಿದದ್ದರಿಂದ ಆ ಶಿಖರವನ್ನು ನಾವು ಈಗಲೂ ನೋಡಬಹುದು. ಫೋಟೋ ಚರಿತ್ರೆಯ ಸಾಕ್ಷಿಯಾಗಲು ಈ ಮೂರೂ ಕೂಡಿ ಬರಬೇಕು.

ಹಾಗಾದರೆ ಇಂಥ ಕಷ್ಟದ ಕೆಲಸ ಮನೆಮಂದಿಯ ಕೈಗೆ ಬಂದದ್ದು ಯಾವಾಗ? ಅದಕ್ಕೆ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಊರಿಗೆ ಹೋಗಬೇಕು. ಅಲ್ಲಿ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಜಾರ್ಜ್ ಈಸ್ಟ್‌ಮನ್ 1888ರಲ್ಲಿ ಕೊಡಕ್ ಎಂಬ ಕ್ಯಾಮೆರಾವನ್ನು ಮಾರುಕಟ್ಟೆಗೆ ತಂದ. ಬೆಲೆ 25 ಡಾಲರ್. ಒಳಗೆ ನೂರು ಚಿತ್ರಗಳಿಗಾಗುವ ರೀಲು ಮೊದಲೇ ತುಂಬಿರುತ್ತಿತ್ತು. ಚಿತ್ರ ತೆಗೆದು ಮುಗಿದ ಮೇಲೆ ಇಡೀ ಕ್ಯಾಮೆರಾವನ್ನೇ ಅಂಚೆಯಲ್ಲಿ ರಾಚೆಸ್ಟರಿಗೆ ಕಳಿಸಬೇಕು. ಅವರು 10 ಡಾಲರ್ ತೆಗೆದುಕೊಂಡು, ರೀಲು ತೊಳೆದು, ಪ್ರಿಂಟ್ ಹಾಕಿ, ಹೊಸ ರೀಲು ತುಂಬಿ ವಾಪಸ್ ಕಳಿಸುತ್ತಿದ್ದರು. ಗುಂಡಿ ಒತ್ತುವುದಷ್ಟೇ ನಿಮ್ಮ ಕೆಲಸ, ಮಿಕ್ಕದ್ದು ನಮಗೆ ಬಿಡಿ ಎಂಬುದೇ ಅವರ ಜಾಹೀರಾತಿನ ಸಾರ. 1900ರಲ್ಲಿ ಬಂದ ಬ್ರೌನಿ ಕ್ಯಾಮೆರಾದ ಬೆಲೆಯಂತೂ ಒಂದೇ ಡಾಲರ್, ಅದರ ರೀಲಿಗೆ 15 ಸೆಂಟ್. ಮಕ್ಕಳೂ ಫೋಟೋ ತೆಗೆಯಲಿ ಅಂತ ಮಾಡಿದ್ದು ಅದು. ಮೊದಲ ವರ್ಷವೇ ಒಂದೂವರೆ ಲಕ್ಷಕ್ಕೂ ಹೆಚ್ಚು ಬ್ರೌನಿಗಳು ಮಾರಾಟಕ್ಕೆ ಹೋದವು.

ಹೀಗೆ ಥಟ್ಟನೆ ತೆಗೆದ ಫೋಟೋಗೆ ಸ್ನ್ಯಾಪ್‌ಶಾಟ್ ಎಂದು ಹೆಸರು ಬಂತು. ಅದು ಮೂಲತಃ ಬೇಟೆಗಾರರ ಮಾತು. ಗುರಿ ನೋಡದೆ ಅವಸರದಲ್ಲಿ ಹಾರಿಸಿದ ಗುಂಡು ಎಂದರ್ಥ. ನಮ್ಮ ಹುಡುಗರು ಫೋಟೋ ಹೊಡೆಯೋದು ಅನ್ನುವುದೂ ಅದೇ ದಾರಿಯದ್ದೇ ನೋಡಿ.

ನಮ್ಮ ಕಡೆ ಬಹಳ ಮನೆಗಳಿಗೆ ಕ್ಯಾಮೆರಾ ಬಂದದ್ದು ತಡವಾಗಿ. ಫೋಟೋ ಎಂದರೆ ಸ್ಟುಡಿಯೋಗೆ ಹೋಗಿ, ಬಣ್ಣದ ಪರದೆಯ ಮುಂದೆ, ಪ್ಲಾಸ್ಟಿಕ್ ಹೂವಿನ ಕುಂಡದ ಪಕ್ಕ ಉಸಿರು ಬಿಗಿಹಿಡಿದು ನಿಲ್ಲುವುದು. ಮದುವೆಗೆ ಒಂದು, ಹೆಣ್ಣು ತೋರಿಸುವುದಕ್ಕೆ ಒಂದು, ಶಾಲೆ ಬಿಡುವಾಗ ಒಂದು. ಫೋಟೋ ತೆಗೆಸಿಕೊಂಡರೆ ಆಯಸ್ಸು ಕಡಿಮೆಯಾಗುತ್ತದೆ ಎಂದು ಹೆದರುತ್ತಿದ್ದ ಹಿರಿಯರೂ ಇದ್ದರು. ಎಷ್ಟೋ ಅಜ್ಜಿಯರದು ಬದುಕಿಡೀ ಒಂದೇ ಫೋಟೋ, ಅದೂ ಗುಂಪಿನಲ್ಲಿ. ಅವರು ಹೋದ ಮೇಲೆ ಅದರಿಂದ ಮುಖವನ್ನಷ್ಟೇ ದೊಡ್ಡದು ಮಾಡಿಸಿ ಹಾರ ಹಾಕಿದ್ದು.

ಆಮೇಲೆ ಆಗ್ಫಾ ಕ್ಲಿಕ್ 3 ಬಂತು. ಒಂದು ರೀಲಿಗೆ ಹನ್ನೆರಡು ಫೋಟೋ. ಊಟಿಯಲ್ಲಿ ಸರ್ಕಾರದ್ದೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ 'ಇಂದು' ಎಂಬ ಹೆಸರಿನಲ್ಲಿ ಕಪ್ಪು-ಬಿಳುಪು ಫಿಲ್ಮು ತಯಾರಿಸುತ್ತಿತ್ತು. ನಂತರ ಬಣ್ಣದ ರೀಲು, ಅದರಲ್ಲಿ 36 ಫೋಟೋ. ಜಾಣತನದಿಂದ ಲೋಡ್ ಮಾಡಿದರೆ ಮೂವತ್ತೇಳು, ಮೂವತ್ತೆಂಟು ಬರುತ್ತದೆ ಎಂಬ ಲೆಕ್ಕಾಚಾರ ಎಲ್ಲ ಮನೆಯಲ್ಲೂ ಇತ್ತು. ಪ್ರವಾಸಕ್ಕೆ ಒಂದೇ ರೀಲು ಎಂದಾದರೆ ಬೇಲೂರಿಗೆ ಎಷ್ಟು, ಶೃಂಗೇರಿಗೆ ಎಷ್ಟು ಎಂದು ಮೊದಲೇ ಹಂಚಿಕೊಳ್ಳಬೇಕು. ಕ್ಯಾಮೆರಾ ಇಲ್ಲದವರಿಗೆ ಬೃಂದಾವನ, ಜೋಗದಂಥ ಜಾಗಗಳಲ್ಲಿ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡು ನಿಂತ ಫೋಟೋಗ್ರಾಫರುಗಳಿದ್ದರು.

ಇದೇ ಕಾಲದಲ್ಲಿ ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರು ದಿನನಿತ್ಯದ ಬದುಕಿನ ಫೋಟೋಗಳನ್ನೇ ತಮ್ಮ ಜೀವನದ ಕೆಲಸ ಮಾಡಿಕೊಂಡರು. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್ ಲೈಫ್‌ನಂಥ ಪತ್ರಿಕೆಗಳಿಗೂ, ಯೂನಿಸೆಫ್‌ಗೂ ಚಿತ್ರ ತೆಗೆದರು. 1977ರಲ್ಲಿ ಪದ್ಮಶ್ರೀ ಪಡೆದರು. ದೊಡ್ಡವರ ಫೋಟೋಗಳನ್ನೂ ಅವರು ತೆಗೆದಿದ್ದಾರೆ. ಆದರೆ ಅವರ ಚಿತ್ರಗಳಲ್ಲಿ ಮನಸ್ಸಿಗೆ ಹತ್ತುವುದು ಸಾಮಾನ್ಯ ಜನ, ಬೀದಿಯ ಮಕ್ಕಳು, ಕೆಲಸದಲ್ಲಿ ಮುಳುಗಿದ ಹೆಂಗಸರು. ಮಹಾರಾಜರು, ದೇವಸ್ಥಾನಗಳ ಜೊತೆಗೆ ಸಾಧಾರಣ ದಿನವೂ ಫೋಟೋಗೆ ಯೋಗ್ಯ ಎಂದು ಅವರು ತೋರಿಸಿಕೊಟ್ಟರು. ಇವತ್ತು ನಾವು ಮೊಬೈಲಿನಲ್ಲಿ ಮಾಡುತ್ತಿರುವುದಕ್ಕೂ ಒಂದು ಪರಂಪರೆ ಇದೆ ಎನ್ನುವುದಕ್ಕೆ ಈ ಮಾತು ಹೇಳಿದೆ.

ಪರದೇಶದಲ್ಲಿದ್ದವರಿಗೆ ಫೋಟೋ ಎಂದರೆ ಕಾಗದದ ಜೊತೆ ಲಕೋಟೆಯಲ್ಲಿ ಬರುವ ಊರು. ತಂಗಿಯ ಮದುವೆ, ಅಣ್ಣನ ಮಗುವಿನ ನಾಮಕರಣ, ಹೊಸದಾಗಿ ಕಟ್ಟಿಸಿದ ಮನೆ, ಎಲ್ಲವೂ ವಾರಗಟ್ಟಲೆ ತಡವಾಗಿ ಕೈ ಸೇರುತ್ತಿದ್ದವು. ಆ ಫೋಟೋಗಳ ಹಿಂಬದಿಯಲ್ಲಿ ಬಾಲ್ ಪೆನ್ನಿನಲ್ಲಿ ಒಂದೆರಡು ಸಾಲು ಇರುತ್ತಿತ್ತು: ಎಡದಿಂದ ಬಲಕ್ಕೆ ಯಾರು ಯಾರು, ಯಾವ ಊರು, ಯಾವ ತಾರೀಖು. ದೂರದಲ್ಲಿರುವವರಿಗೆ ಗೊತ್ತಾಗಲಿ ಅಂತ ಬರೆಯುತ್ತಿದ್ದರು. ಅದೇ ಸಾಲು ಈಗ ಮೊಮ್ಮಕ್ಕಳಿಗೆ ದಾರಿ ತೋರುತ್ತಿದೆ.

ಈಗ ಮೊಬೈಲಿನ ಹತ್ತಿರಕ್ಕೆ ಬರುತ್ತಿದ್ದೇವೆ. 1975ರಲ್ಲಿ ಅದೇ ಕೊಡಕ್ ಕಂಪನಿಯ ಯುವ ಇಂಜಿನಿಯರ್ ಸ್ಟೀವನ್ ಸ್ಯಾಸನ್ ಫಿಲ್ಮೇ ಇಲ್ಲದ ಕ್ಯಾಮೆರಾ ಮಾಡಿದರು. ತೂಕ ಸುಮಾರು 3.6 ಕಿಲೋ. ಚಿತ್ರದಲ್ಲಿ ಇದ್ದದ್ದು ಬರೀ ಹತ್ತು ಸಾವಿರ ಚುಕ್ಕೆಗಳು, ಕಪ್ಪು-ಬಿಳುಪು. ಒಂದು ಚಿತ್ರ ಕ್ಯಾಸೆಟ್ ಟೇಪಿಗೆ ಇಳಿಯಲು 23 ಸೆಕೆಂಡು, ನೋಡುವುದು ಟಿವಿಯಲ್ಲಿ. ಫಿಲ್ಮು ಮಾರಿ ಬದುಕುತ್ತಿದ್ದ ಕಂಪನಿಗೆ ಇದು ಹೆಚ್ಚು ರುಚಿಸಲಿಲ್ಲ. ಮುಂದೆ ಡಿಜಿಟಲ್ ಪ್ರವಾಹಕ್ಕೆ ಸಿಕ್ಕಿ ಕೊಡಕ್ 2012ರ ಜನವರಿಯಲ್ಲಿ ದಿವಾಳಿ ರಕ್ಷಣೆಗೆ ಅರ್ಜಿ ಹಾಕಿತು.

ಕ್ಯಾಮೆರಾ ಫೋನಿನೊಳಗೆ ಕೂರುವಷ್ಟು ಸಣ್ಣದಾದದ್ದರ ಹಿಂದೆ ಬಾಹ್ಯಾಕಾಶದ ನಂಟಿದೆ. 1990ರ ದಶಕದಲ್ಲಿ ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಎರಿಕ್ ಫೋಸಮ್ ಮತ್ತು ಅವರ ತಂಡ ಗಗನನೌಕೆಗಳಿಗಾಗಿ ಚಿಕ್ಕ, ಕಡಿಮೆ ವಿದ್ಯುತ್ ಬಳಸುವ ಕ್ಯಾಮೆರಾ ಚಿಪ್ಪನ್ನು ರೂಪಿಸಿತು. ಗ್ರಹಗಳ ಫೋಟೋ ತೆಗೆಯಲು ಹೊರಟ ವಿದ್ಯೆ ನಮ್ಮ ಊಟದ ತಟ್ಟೆಯ ಫೋಟೋ ತೆಗೆಯುವುದಕ್ಕೂ ಬಂತು.

1997ರ ಜೂನ್ 11. ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ಊರಿನ ಆಸ್ಪತ್ರೆಯಲ್ಲಿ ಫಿಲಿಪ್ ಕಾನ್ ಎಂಬ ತಂತ್ರಜ್ಞ ಹೆಂಡತಿಯ ಹೆರಿಗೆಗೆ ಕಾಯುತ್ತಿದ್ದರು. ಕಾಯುತ್ತಲೇ ಒಂದು ಡಿಜಿಟಲ್ ಕ್ಯಾಮೆರಾ, ಒಂದು ಮೊಬೈಲ್, ಒಂದು ಲ್ಯಾಪ್‌ಟಾಪ್ ಮೂರನ್ನೂ ತಂತಿಯಿಂದ ಜೋಡಿಸಿದರು. ಮಗಳು ಹುಟ್ಟಿದಳು. ಅವಳ ಫೋಟೋ ಎರಡು ಸಾವಿರಕ್ಕೂ ಹೆಚ್ಚು ಜನ ಬಂಧುಮಿತ್ರರಿಗೆ ಹೋಯಿತು. ಫೋನಿನ ಮೂಲಕ ತಕ್ಷಣ ಹಂಚಿದ ಮೊದಲ ಫೋಟೋ ಎಂದು ಪ್ರಸಿದ್ಧವಾದದ್ದು ಒಂದು ಹಸುಗೂಸಿನ ಮುಖ. ದೂರದಲ್ಲಿರುವ ಅಜ್ಜಿ-ತಾತಂದಿರಿಗೆ ಹೆರಿಗೆ ಕೋಣೆಯಿಂದಲೇ ಮಗುವಿನ ಮುಖ ತೋರಿಸಿದ ನಮ್ಮಂಥ ಎಷ್ಟೋ ಮನೆಗಳಿಗೆ ಇದಕ್ಕಿಂತ ಹತ್ತಿರದ ಚರಿತ್ರೆ ಯಾವುದಿದೆ?

ಅಲ್ಲಿಂದಾಚೆ ಎಲ್ಲ ವೇಗ. 1999ರಲ್ಲಿ ಜಪಾನಿನ ಕ್ಯೋಸೆರಾ, 2000ದಲ್ಲಿ ಅಲ್ಲಿನದೇ ಶಾರ್ಪ್ ಕಂಪನಿಯ ಕ್ಯಾಮೆರಾ ಫೋನುಗಳು ಬಂದವು. ಎರಡರ ಶಕ್ತಿಯೂ ಒಂದು ಲಕ್ಷದ ಹತ್ತು ಸಾವಿರ ಚುಕ್ಕೆ ಅಷ್ಟೇ. 2007ರಲ್ಲಿ ಐಫೋನ್, 2010ರಲ್ಲಿ ಇನ್‌ಸ್ಟಾಗ್ರಾಮ್, 2013ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ವರ್ಷದ ಪದವಾಗಿ ಆರಿಸಿದ್ದು ಸೆಲ್ಫಿ. 2016ರಲ್ಲಿ ಜಿಯೋ ಬಂದು ಭಾರತದಲ್ಲಿ ಡೇಟಾ ಅಗ್ಗವಾದ ಮೇಲಂತೂ ಊರಿನ ತೇರು ಎಳೆಯುವಾಗಲೇ ಅದರ ಫೋಟೋ ನಮ್ಮ ಅಡುಗೆಮನೆಗೆ ಬಂದಿರುತ್ತದೆ. ಈಗಿನ ಫೋನು ನಾವು ಒಮ್ಮೆ ಒತ್ತಿದರೆ ತಾನು ಹಲವು ಚಿತ್ರ ತೆಗೆದು, ಕತ್ತಲನ್ನು ತಿಳಿಯಾಗಿಸಿ, ಬಿಸಿಲನ್ನು ಹದ ಮಾಡಿ, ಎಲ್ಲವನ್ನೂ ಸೇರಿಸಿ ಒಂದು ಚಿತ್ರ ಕೊಡುತ್ತದೆ.

ಈ ಇಡೀ ದಾರಿಯನ್ನು ಒಮ್ಮೆ ಹಿಂತಿರುಗಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಪ್ರತಿ ಹಂತದಲ್ಲೂ ಒಂದೊಂದು ಕೆಲಸ ನಮ್ಮ ಕೈಯಿಂದ ಇಳಿಯುತ್ತಾ ಬಂದಿದೆ. ತೊಳೆಯುವ ಕೆಲಸವನ್ನು ಈಸ್ಟ್‌ಮನ್ ತೆಗೆದುಕೊಂಡ. ರೀಲಿನ ಲೆಕ್ಕವನ್ನು ಸ್ಯಾಸನ್ ಹಾದಿಯವರು ಮುಗಿಸಿದರು. ಲಕೋಟೆ, ಅಂಚೆಯನ್ನು ಕಾನ್ ಅಂಥವರು ಇಲ್ಲವಾಗಿಸಿದರು. ಬೆಳಕು ನೋಡುವ ಕಷ್ಟವನ್ನೂ ಈಗ ಫೋನೇ ಹೊತ್ತಿದೆ. ಇಷ್ಟೆಲ್ಲ ಇಳಿಸಿಕೊಳ್ಳುವ ಭರದಲ್ಲಿ ಹಿಂಬದಿಯ ಬರವಣಿಗೆಯನ್ನೂ ನಾವು ಇಳಿಸಿಬಿಟ್ಟೆವು. ಮೊಬೈಲ್ ಫೋಟೋಗೆ ಹಿಂಬದಿಯೇ ಇಲ್ಲವಲ್ಲ!

ಇದರ ಪರಿಣಾಮ ನನ್ನ ಅರಿವಿಗೆ ಬಂದದ್ದು ಕನ್ನಡ ಸಂಘದ ಸ್ವಯಂಸೇವೆಯಲ್ಲಿ. ಸಂಘದ ವಾರ್ಷಿಕೋತ್ಸವದ ಪ್ರದರ್ಶನಕ್ಕೆ ಹಳೆಯ ಫೋಟೋಗಳನ್ನು ಒಟ್ಟು ಮಾಡುತ್ತಿದ್ದೆವು. ಆರಂಭದ ವರ್ಷಗಳದ್ದು ಪ್ರಿಂಟುಗಳು. ಸಂಖ್ಯೆ ಕಡಿಮೆ, ಅಂಚು ಹಳದಿಗಟ್ಟಿದೆ, ಆದರೆ ಹಿಂದೆ ತಿರುಗಿಸಿದರೆ ಹೆಸರು, ವರ್ಷ, ನಾಟಕದ ಪಾತ್ರ ಎಲ್ಲ ಬರೆದಿದೆ. ಈಚಿನ ವರ್ಷಗಳದ್ದು ಸಾವಿರಾರು ಫೋಟೋ ಬಂದವು, ಸ್ಪಷ್ಟವಾಗಿವೆ, ಚೆಂದವಾಗಿವೆ. ಯಾವ ವರ್ಷದ ರಾಜ್ಯೋತ್ಸವ, ವೇದಿಕೆ ಮೇಲಿನ ಮಗು ಯಾರದು, ಈ ಹಿರಿಯರು ಯಾರ ತಂದೆ ಎಂದು ಕೇಳಿದರೆ ಹೇಳುವವರಿಲ್ಲ. ಹಿಂದಿನ ಮೂವತ್ತು ವರ್ಷಕ್ಕಿಂತ ಹಿಂದಿನ ಹತ್ತು ವರ್ಷವೇ ನಮಗೆ ಮಸುಕಾಗಿ ಕಂಡಿತು.

ಫೋನು ತಾರೀಖು, ಸಮಯಗಳನ್ನು ಫೋಟೋದ ಒಳಗೇ ಬರೆದಿಡುತ್ತದೆ, ನಾವು ಅನುಮತಿ ಕೊಟ್ಟಿದ್ದರೆ ಜಾಗವನ್ನೂ ಬರೆಯುತ್ತದೆ ನಿಜ. ಆದರೆ ನಮ್ಮ ಬಹುಪಾಲು ಫೋಟೋಗಳು ಓಡಾಡುವುದು ವಾಟ್ಸಾಪಿನಲ್ಲಿ. ಅಲ್ಲಿ ಮಾಮೂಲಿ ಫೋಟೋ ಆಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಒಳಗಿನ ಆ ವಿವರಗಳು ಕಳಚಿಹೋಗುತ್ತವೆ. ಒಂದು ಗುಂಪಿನಿಂದ ಇನ್ನೊಂದಕ್ಕೆ ಹಾರಿದ ಫೋಟೋ, ಊರು ಹೆಸರಿಲ್ಲದ ಅನಾಥ. ವಿವರ ಉಳಿಯಬೇಕಾದರೆ ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳಿಸುವುದು ಒಳ್ಳೆಯದು. ಇನ್ನು ಫೋಟೋದಲ್ಲಿರುವ ಸೋದರತ್ತೆಯನ್ನು ಸೋದರತ್ತೆ ಎಂದು ಹೇಳುವುದು ಯಾವ ಚಿಪ್ಪಿಗೂ ಸಾಧ್ಯವಿಲ್ಲ. ಅದು ನಮ್ಮದೇ ಕೆಲಸ.

ಇಲ್ಲಿ ಹುಟ್ಟಿ ಬೆಳೆಯುತ್ತಿರುವ ನಮ್ಮ ಮಕ್ಕಳನ್ನು ನೆನೆಸಿಕೊಳ್ಳಿ. ಊರಿನಲ್ಲಿದ್ದಿದ್ದರೆ ಗೋಡೆಯ ಮೇಲಿನ ಫೋಟೋ ತೋರಿಸಿ ಇವರು ನಿಮ್ಮ ಮುತ್ತಾತ ಎಂದು ಹೇಳಲು ಮನೆ ತುಂಬ ಜನ ಇರುತ್ತಿದ್ದರು. ಇಲ್ಲಿ ಹೇಳುವವರು ನಾವಿಬ್ಬರೋ ಒಬ್ಬರೋ. ನಮ್ಮ ನಂತರ ಅವರ ಕೈಗೆ ಐವತ್ತು ಸಾವಿರ ಫೋಟೋಗಳು ಹೋಗುತ್ತವೆ. ಅದರಲ್ಲಿ ಯಾರ ಮದುವೆ, ಯಾವ ಜಾತ್ರೆ, ಯಾವ ಹೊಳೆ ಎಂದು ಗೊತ್ತಾಗದಿದ್ದರೆ ಅವರ ಪಾಲಿಗೆ ನಾವೆಲ್ಲರೂ ಪ್ಯಾರಿಸ್ಸಿನ ಆ ಬೂಟಿನ ಮನುಷ್ಯರೇ.

ಮಾಡಬೇಕಾದ್ದು ದೊಡ್ಡದೇನಲ್ಲ. ಪ್ರವಾಸದಿಂದ ಬಂದ ವಾರದಲ್ಲೇ, ಅರಿವೆ ಒಗೆದು ಮಡಿಸುವ ಹೊತ್ತಿನಷ್ಟು ಕಾಲ ಕೊಡಿ. ಒಂದೇ ದೃಶ್ಯದ ಹತ್ತು ಫೋಟೋ ಇದ್ದರೆ ಒಂದನ್ನು ಇಟ್ಟುಕೊಳ್ಳಿ. ಉಳಿದವುಗಳಲ್ಲಿ ಇಪ್ಪತ್ತನ್ನು ಆರಿಸಿ. ಐಫೋನಿನಲ್ಲಾಗಲಿ ಗೂಗಲ್ ಫೋಟೋಸ್‌ನಲ್ಲಾಗಲಿ ಫೋಟೋವನ್ನು ಮೇಲಕ್ಕೆ ಸರಿಸಿದರೆ ಬರೆಯಲು ಜಾಗ ಸಿಗುತ್ತದೆ. ಯಾರು, ಎಲ್ಲಿ, ಯಾವಾಗ, ಏನು ಸಂದರ್ಭ, ಇಷ್ಟನ್ನು ಕನ್ನಡದಲ್ಲೇ ಬರೆಯಿರಿ. ಊರಿಗೆ ಹೋದಾಗ ಹಿರಿಯರ ಪಕ್ಕ ಕೂತು ಹಳೆಯ ಆಲ್ಬಮ್ಮಿನ ಹೆಸರುಗಳನ್ನು ಕೇಳಿ ಬರೆದುಕೊಳ್ಳಿ; ಅವರು ಹೇಳುವಾಗ ಅದೇ ಫೋನಿನಲ್ಲಿ ಅವರ ದನಿಯನ್ನೂ ಉಳಿಸಿಕೊಳ್ಳಿ. ವರ್ಷಕ್ಕೊಮ್ಮೆ ಆಯ್ದ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಮನೆಯಲ್ಲಿ ಒಂದು ಆಲ್ಬಮ್ ಮಾಡಿ, ಹಿಂಬದಿಯಲ್ಲಿ ಪೆನ್ನು ಆಡಿಸಿ.

ಬೆಳಕಿನ ಬರವಣಿಗೆಯನ್ನು ಫೋನು ಮಾಡಿಕೊಡುತ್ತದೆ. ಅಕ್ಷರದ ಬರವಣಿಗೆಯನ್ನು ನಾವು ಮಾಡೋಣ. ಈ ವಾರ ನಿಮ್ಮ ಫೋನಿನಲ್ಲಿರುವ ಒಂದೇ ಒಂದು ಫೋಟೋಗೆ ಎರಡು ಸಾಲು ಬರೆದು ನೋಡಿ, ಅದರ ಕಥೆಯನ್ನು ಮಕ್ಕಳಿಗೂ ಹೇಳಿ.